ಅಶ್ವತ್ಥಪ್ಪನ ನಲವತ್ತೊಂದನೇ ಬಿಲ್ಲೆ

ಅಶ್ವತ್ಥಪ್ಪ ಚಿನ್ನದ ಗಣಿಯಲ್ಲಿ ಹದಿನಾಲ್ಕು ವರ್ಷ ದುಡಿದವನು, ಆದರೆ ಚಿನ್ನ ಕಂಡವನಲ್ಲ. ಮೈಸೂರು ಮೈನ್ಸಿನ ಶಾಫ್ಟಿನ ಬಾಯಲ್ಲಿದ್ದ ಕಿಟಕಿಯ ಹಿಂದೆ ಕೂತು ಅವನು ನೋಡಿದ್ದು ಹಿತ್ತಾಳೆಯನ್ನು. ಕೆಳಗಿಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಬಿಲ್ಲೆಯನ್ನು ಅವನ ಕೈಗೆ ಕೊಡಬೇಕು. ಅವನು ಅದನ್ನು ಹಲಗೆಯ ಮೊಳೆಗೆ ತೂಗುಹಾಕಬೇಕು. ಮೇಲೆ ಬಂದವನು ಬಿಲ್ಲೆ ಇಸಿದುಕೊಂಡು ಮನೆಗೆ ಹೋಗಬೇಕು. ಮೊಳೆಯಲ್ಲಿ ಬಿಲ್ಲೆ ಉಳಿದರೆ ಮನುಷ್ಯ ಇನ್ನೂ ಭೂಮಿಯೊಳಗೇ ಇದ್ದಾನೆ ಎಂದರ್ಥ.

ಒಂದು ಸಂಜೆ ಹಾಗೊಂದು ಬಿಲ್ಲೆ ಉಳಿಯಿತು. ಅಶ್ವತ್ಥಪ್ಪ ಗಂಟೆ ಹೊಡೆಸಿದ. ಮನೆಗೆ ಹೊರಟಿದ್ದವರು ಮತ್ತೆ ದೀಪ ಹೊತ್ತು ಕೆಳಗಿಳಿದರು. ಮೂರು ಗಂಟೆ ಹುಡುಕಿದ ಮೇಲೆ ಆ ಮನುಷ್ಯ ಸಿಕ್ಕಿದ್ದು ತನ್ನ ಮನೆಯಲ್ಲಿ, ಮುದ್ದೆ ಮುರಿಯುತ್ತ. ಹಸು ಈಯುತ್ತಿದೆ ಎಂಬ ಸುದ್ದಿ ಕೇಳಿ ಬಿಲ್ಲೆ ಮರೆತು ಓಡಿಹೋಗಿದ್ದನಂತೆ. ಮಾರನೆಯ ದಿನ ಪಾಳಿಯವರೆಲ್ಲ ಅಶ್ವತ್ಥಪ್ಪನನ್ನು ಮೂರು ಭಾಷೆಗಳಲ್ಲಿ ಬೈದರು. ಅವನು ಹೇಳಿದ್ದು ಇಷ್ಟೇ: "ಸುಳ್ ಏಳಾಕೆ ಬಿಲ್ಲೆಗೆ ಬಾಯಿಲ್ಲ ಕಣ್ರಲಾ."

ಗಣಿ ಮುಚ್ಚಿದ ಮೇಲೆ ಅವನು ಬಂಗಾರಪೇಟೆಯ ನಮ್ಮ ಕಾಲೇಜಿಗೆ ಬಂದ. ಪ್ರಾಣಿಶಾಸ್ತ್ರ ವಿಭಾಗಕ್ಕೆ ಆಗ ನಾನು ಮುಖ್ಯಸ್ಥೆ, ಅವನು ಪ್ರಯೋಗಾಲಯದ ಅಟೆಂಡರು. ಬೆಳಿಗ್ಗೆ ಮನೆಯ ಎರಡು ಹಸು ಕರೆದು, ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಪ್ರಾಂಶುಪಾಲರಿಗಿಂತ ಮೊದಲೇ ಬಂದು ಬಾಗಿಲು ತೆಗೆಯುತ್ತಿದ್ದ. ಮೊದಲ ತಿಂಗಳಲ್ಲೇ ಗೋಡೆಗೊಂದು ಹಲಗೆ ಹೊಡೆದ. ಎಣ್ಣೆ ಡಬ್ಬದ ತಗಡು ಕತ್ತರಿಸಿ ದಾಸ್ತಾನು ಪುಸ್ತಕದ ಪ್ರತಿ ವಸ್ತುವಿಗೂ ಒಂದು ಬಿಲ್ಲೆ ಮಾಡಿದ. ಸೂಕ್ಷ್ಮದರ್ಶಕ ಹೊರಗೆ ಹೋದರೆ ಅದರ ಬಿಲ್ಲೆ ಮೊಳೆಗೆ, ತಿರುಗಿ ಬಂದರೆ ಡ್ರಾಯರಿಗೆ. ಹುಡುಗಿಯರು ನಗುತ್ತಿದ್ದರು. ಆದರೆ ಇಪ್ಪತ್ತೈದು ವರ್ಷಗಳಲ್ಲಿ ಆ ಕೋಣೆಯಿಂದ ಒಂದು ಗಾಜಿನ ಪಟ್ಟಿಯೂ ಕಾಣೆಯಾಗಲಿಲ್ಲ.

ನಲವತ್ತೊಂದನೇ ವಸ್ತು ಒಂದು ಚಿಟ್ಟೆ. ಪ್ರಪಂಚದಲ್ಲಿ ಅದು ಇರುವುದು ಒಂದೇ ಒಂದು ದ್ವೀಪದಲ್ಲಿ. ಅಲ್ಲಿ ಅರಣ್ಯಾಧಿಕಾರಿಯಾಗಿದ್ದ ಸಂಸ್ಥಾಪಕರ ಅಳಿಯ ಅದನ್ನು ತಂದುಕೊಟ್ಟಿದ್ದರು. ಕಪ್ಪು ರೆಕ್ಕೆ, ಕೆಂಪು ಮೈ, ಹಿಂದಿನ ಪ್ರತಿ ರೆಕ್ಕೆಯ ಅಂಚಿನಲ್ಲಿ ಏಳು ಕೆಂಪು ಚುಕ್ಕೆ. ಕಾಲೇಜಿನ ಕೈಪಿಡಿಯಲ್ಲಿ ಸಂಸ್ಥಾಪಕರ ಚಿತ್ರ ಎರಡನೇ ಪುಟದಲ್ಲಿತ್ತು, ಚಿಟ್ಟೆಯದು ಮೊದಲನೆಯದರಲ್ಲಿ.

ಇಂಥ ಚಿಟ್ಟೆಯನ್ನು ಉಳಿಸಲು ಬೇಕಾದದ್ದು ನುಸಿಗುಳಿಗೆ. ಅಶ್ವತ್ಥಪ್ಪ ಕೇಳಿದ, ನಾನು ಬರೆದು ಕಳಿಸಿದೆ, ಕಚೇರಿ ಮುಂದಿನ ವರ್ಷ ನೋಡೋಣ ಎಂದಿತು. ಮುಂದಿನ ವರ್ಷದ ಹೊತ್ತಿಗೆ ಹುಳುಗಳು ನೋಡಿ ಮುಗಿಸಿದ್ದವು. ಪೆಟ್ಟಿಗೆಯಲ್ಲಿ ಉಳಿದದ್ದು ಸೂಜಿ, ಹೆಸರಿನ ಚೀಟಿ, ಚಿಟಿಕೆ ಪುಡಿ. ಒಂದು ವಾರದಲ್ಲಿ ದಾಸ್ತಾನು ತಪಾಸಣೆ ಇತ್ತು.

"ಅದರಂಥದ್ದೇ ಏನಾದರೂ ಒಂದು ಚುಚ್ಚಿಡು," ಎಂದೆ. ಹೇಳಿದವಳು ನಾನೇ. ಇದರಲ್ಲಿ ಬೇರೆಯವರ ಪಾಲಿಲ್ಲ.

ಕೋರಮಂಡಲಿನಲ್ಲಿ ಅವನ ಮನೆಯ ಹತ್ತಿರ, ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಬುಡದ ಬೇಲಿಯಲ್ಲಿ ಈಶ್ವರಿ ಬಳ್ಳಿ ಹಬ್ಬಿದೆ. ಅದರ ಮೇಲೆ ಕಪ್ಪು ರೆಕ್ಕೆ, ಕೆಂಪು ಮೈಯ ಚಿಟ್ಟೆಗಳು ವರ್ಷವೆಲ್ಲ ಹಾರಾಡುತ್ತವೆ. ಅಶ್ವತ್ಥಪ್ಪ ಒಂದನ್ನು ಹಿಡಿದು ತಂದು ಚುಚ್ಚಿದ. ಆಮೇಲೆ ಡ್ರಾಯರಿನಿಂದ ನಲವತ್ತೊಂದನೇ ಬಿಲ್ಲೆ ತೆಗೆದು ಮೊಳೆಗೆ ತೂಗುಹಾಕಿದ.

"ಅದ್ಯಾಕಯ್ಯಾ? ಚಿಟ್ಟೆ ಪೆಟ್ಟಿಗೇಲೇ ಇದೆಯಲ್ಲ."

"ಓಗಿರೋದು ಬಂದಿಲ್ವಲ್ಲ ಮೇಡಂ."

ಹದಿಮೂರು ವರ್ಷ ಆ ಬಿಲ್ಲೆ ಅಲ್ಲೇ ತೂಗಿತು, ಪೆಟ್ಟಿಗೆಗೆ ನುಸಿಗುಳಿಗೆ ಅವನ ಕಾಸಿನಲ್ಲೇ ಬಂತು. ಹದಿಮೂರು ತಪಾಸಣೆಗಳು ಬಂದು ಹೋದವು. ಪ್ರತಿಯೊಬ್ಬರೂ ಪೆಟ್ಟಿಗೆ ನೋಡಿದರು, ಹಲಗೆಯತ್ತ ತಲೆಯೆತ್ತಲಿಲ್ಲ. ನಾನು ನಿವೃತ್ತಳಾಗುವವರೆಗಿನ ಐದರಲ್ಲಿ ನನ್ನ ಸಹಿಯೂ ಇದೆ.

ಈ ವರ್ಷ ಅವನಿಗೆ ಅರವತ್ತಾಯಿತು. ಹೋಗುವ ಮುನ್ನ ಪ್ರಯೋಗಾಲಯದ ಪಟ್ಟಿಗೆ 'ಎಲ್ಲವೂ ಸರಿಯಿದೆ' ಎಂದು ಸಹಿ ಹಾಕಿ ಹೊಸ ಅಟೆಂಡರಿಗೆ ವಹಿಸಬೇಕು. ಹಾಕದಿದ್ದರೆ ಬಿಡುಗಡೆ ಪತ್ರವಿಲ್ಲ. ಅಶ್ವತ್ಥಪ್ಪ ನಲವತ್ತು ಸಾಲಿಗೆ ಹಾಕಿ, ಕೊನೆಯದಾದ ಚಿಟ್ಟೆಯ ಸಾಲಿಗೆ ಬಂದಾಗ ಪೆನ್ನು ಮುಚ್ಚಿದ. ಅದೇ ವಾರ ಕಾಲೇಜಿಗೆ ದರ್ಜೆ ಕೊಡುವ ಸಮಿತಿ ಬರುವುದಿತ್ತು. ಪ್ರಾಂಶುಪಾಲೆ ಸುಮಲತ ನನ್ನ ವಿದ್ಯಾರ್ಥಿನಿ. ಅವನನ್ನು ಒಪ್ಪಿಸಿ ಎಂದು ನನಗೆ ಹೇಳಿಕಳಿಸಿದಳು.

ನಾನು ಅವನ ಮನೆಗೆ ಹೋದಾಗ ಹೆಂಡತಿ ಮುತ್ಯಾಲಮ್ಮ ಅಂಗಳದಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದಳು. ಕೈ ತೊಳೆಯದೆಯೇ ಶುರುಮಾಡಿದಳು.

"ನೀವೇ ಏಳಿ ಮೇಡಂ. ಊರೋರೆಲ್ಲ ಸುಳ್ಳಿಗೆ ಸಹಿ ಆಕ್ಕಂಡು ಸುಖವಾಗವ್ರೆ. ಇವನೊಬ್ಬನಿಗೆ ಕೈ ಬರಲ್ಲ." ಆಮೇಲೆ ಗಂಡನತ್ತ ತಿರುಗಿದಳು: "ಲೇ, ಸತ್ತ ಚಿಟ್ಟೆಗೆ ಕಾವಲು ಕೂತವ್ನೆ ಅಂತ ಮಗಳ ಅತ್ತೆ ಮನೇಲಿ ನಗ್ತಾವ್ರೆ. ನಿನ್ ಬಿಲ್ಲೆಗಿಷ್ಟು ಬೆಂಕಿ ಆಕ!"

"ಬೈಕೊ," ಎಂದ ಅಶ್ವತ್ಥಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಅವತ್ತು ಗಣೀಲಿ ಅಷ್ಟು ಜನಾನ ಮನೆಗೋಗಾಕೆ ಬಿಡದೆ ಕೆಳಗಿಳಿಸ್ದೋನು ನಾನು ಮೇಡಂ. ಈಗ ಒಳಗಿರೋದನ್ನ ಬಿಟ್ಟು ಎಲ್ಲಾ ಬಂತು ಅಂತ ಬರೆದ್ರೆ, ಅವರು ಬೈದಿದ್ದೇ ಸರಿ ಅಂತಾಯ್ತದೆ," ಎಂದ.

ಒಪ್ಪಿಸಲು ಹೋದವಳು ಕಾಫಿ ಕುಡಿದು ಬಂದೆ.

ಸಮಿತಿ ಬಂದ ದಿನ ನನ್ನನ್ನೂ ಕರೆದಿದ್ದರು. ಸುಮಲತ ಬಾಗಿಲಲ್ಲೇ ಅವನನ್ನು ಹಿಡಿದಳು: "ಅಶ್ವತ್ಥಪ್ಪ, ಕೈ ಮುಗೀತೀನಿ. ಅವರು ಹೋಗೋ ತನಕ ಬಾಯಿ ಬಿಡಬೇಡಿ." ಸಮಿತಿಯ ತಜ್ಞರ ವಿಷಯ ಕೆರೆಯ ಮೀನು. ಆದರೂ ಚಿಟ್ಟೆಯ ಮುಂದೆ ಹತ್ತು ನಿಮಿಷ ನಿಂತು, ದ್ವೀಪಗಳಲ್ಲಿ ಜೀವ ಹೇಗೆ ಬೇರೆಯಾಗುತ್ತದೆ ಎಂದು ಸುಂದರವಾಗಿ ವಿವರಿಸಿದರು. ಅಷ್ಟರಲ್ಲಿ ಕಿಟಕಿಯಾಚೆ ಕೇಪಳ ಗಿಡದ ಮೇಲೆ ಅಂಥದ್ದೇ ಒಂದು ಚಿಟ್ಟೆ ಬಂದು ಕೂತಿತು.

"ನೋಡಿ, ಅದು ಮಾಮೂಲಿ," ಎಂದರು ತಜ್ಞರು. "ಇದರಲ್ಲಿ ಏಳು ಚುಕ್ಕೆ. ಆ ಗಾಂಭೀರ್ಯ ಅದಕ್ಕೆಲ್ಲಿ ಬರಬೇಕು!"

ಹಿಂದಿನಿಂದ ಅಶ್ವತ್ಥಪ್ಪ ಹೇಳಿದ: "ಆರೇ ಇರೋದು ಸಾರ್."

ತಜ್ಞರು ಕನ್ನಡಕ ಸರಿಪಡಿಸಿಕೊಂಡು ಎಣಿಸಿದರು. "ಏಳನೆಯದು ಮಾಸಿದೆ. ಹಳೆಯ ಮಾದರಿಗಳಲ್ಲಿ ಹಾಗಾಗುತ್ತದೆ."

"ಮಾಸಿಲ್ಲ ಸಾರ್. ಇದು ಆಚೆ ಕೂತಿದ್ಯಲ್ಲ, ಅದರ ದೊಡ್ಡಪ್ಪ. ನಮ್ಮ ದಿಬ್ಬದ ಅತ್ರ ನಾನೇ ಇಡ್ಕಂಡ್ ಬಂದಿದ್ದು."

ತಜ್ಞರು ಕಿಟಕಿಯತ್ತಲೂ ಪೆಟ್ಟಿಗೆಯತ್ತಲೂ ನೋಡಿದರು. ನನಗೆ ಬಾಯಿ ಬಿಡಲು ಬೇಕಾದಷ್ಟು ಸಮಯವಿತ್ತು, ಬಿಡಲಿಲ್ಲ. ಮೊದಲು ನಕ್ಕವಳು ಸುಮಲತ: "ನಾಡಿದ್ದು ರಿಟೈರ್ ಆಗ್ತಿದ್ದಾರೆ ಸರ್, ಅದಕ್ಕೇ ಈ ಖುಷಿ." ತಜ್ಞರಿಗೆ ನಿರಾಳವಾಯಿತು. ಅವರೂ ನಕ್ಕು ಅಶ್ವತ್ಥಪ್ಪನ ಭುಜ ತಟ್ಟಿ, ಸಿಬ್ಬಂದಿಯಲ್ಲಿ ಹಾಸ್ಯಪ್ರಜ್ಞೆ ಉತ್ತಮವಾಗಿದೆ ಎಂದು ಬರೆದುಕೊಂಡರು. ನಿಜ ಹೇಳಿದ್ದಕ್ಕೆ ಕಾಲೇಜಿಗೆ ಅಂಕ ಸಿಕ್ಕಿದ್ದು ಅದೊಂದೇ ಸಲವಿರಬೇಕು.

ಕೊನೆಯ ದಿನ ಅವನ ಬೀಳ್ಕೊಡುಗೆಗೆ ನಾನೂ ಹೋಗಿದ್ದೆ. ಮಧ್ಯಾಹ್ನ ಅವನು ಪಟ್ಟಿ ಬಿಚ್ಚಿ, ನಲವತ್ತೊಂದನೇ ಸಾಲಿನೆದುರು ದುಂಡಗೆ ಬರೆದ: 'ಹೋದದ್ದು ಬಂದಿಲ್ಲ. ಈಗ ಇರುವುದು ಬೇರೆ.' ಕೆಳಗೆ ಸಹಿ ಹಾಕಿದ. ಇದನ್ನು ತೆಗೆದುಕೊಳ್ಳಲಾಗದು ಎಂದಳು ಸುಮಲತ. ನಾನು ಪೆನ್ನು ಇಸಿದುಕೊಂಡು ಅದರಡಿ ಇನ್ನೊಂದು ಸಾಲು ಸೇರಿಸಿದೆ: 'ಬದಲಿಸಿ ಇಡಲು ಹೇಳಿದವಳು ನಾನು.' ತಾರೀಖು ಹಾಕಿ ಸಹಿ ಮಾಡಿದೆ. ಒಬ್ಬರ ಸಹಿ ಇದ್ದರೆ ಅದು ತಕರಾರು, ಇಬ್ಬರದಿದ್ದರೆ ಕಡತ. ಸುಮಲತ ಕಡತಕ್ಕೆ ಮೊಹರು ಒತ್ತಿ ಬಿಡುಗಡೆ ಪತ್ರ ಕೊಟ್ಟಳು. ಆ ಎರಡು ಸಾಲುಗಳನ್ನು ಆಮೇಲೆ ಇವತ್ತಿನವರೆಗೆ ಯಾರೂ ಓದಿಲ್ಲ.

ಅಶ್ವತ್ಥಪ್ಪ ಹೊಸ ಅಟೆಂಡರು ಸಾಯಿಕುಮಾರನನ್ನು ಹಲಗೆಯ ಮುಂದೆ ನಿಲ್ಲಿಸಿ, "ಈ ಬಿಲ್ಲೆ ಮಾತ್ರ ತೆಗೀಬೇಡ ಕಣಪ್ಪ," ಎಂದ. ಸಂಜೆಯ ರೈಲಿಗೆ ಹಾರ ಚೀಲದಲ್ಲಿ ತುರುಕಿಕೊಂಡು ಹೋದ. ಹಾರ ಹಸುವಿಗಾಯಿತಂತೆ.

ಎರಡು ತಿಂಗಳ ಮೇಲೆ ಸಮಿತಿಯ ವರದಿ ಬಂತು. ದ್ವೀಪದ ಅಪರೂಪದ ಚಿಟ್ಟೆಗೆ ಬೀಗವಿರುವ ಗಾಜಿನ ಕಪಾಟು ಬೇಕೆಂದು ಶಿಫಾರಸು. ಕಪಾಟು ಬಂದಿದೆ, ಮೇಲೆ ದೀಪವೂ ಇದೆ. ನುಸಿಗುಳಿಗೆಗೆ ಮಂಜೂರಾತಿ ಇನ್ನೂ ಬಂದಿಲ್ಲ.

ಕೋರಮಂಡಲಿಗೆ ಹೋದಾಗ ಅಶ್ವತ್ಥಪ್ಪನಿಗೆ ಇದನ್ನು ಹೇಳಿದೆ. ಅವನು ಹಾಲಿನ ಕ್ಯಾನು ತೊಳೆಯುತ್ತಿದ್ದ.

"ಗುಳಿಗೆ ಆಕ್ದಿದ್ರೆ ಇದೂ ಓಯ್ತದೆ ಮೇಡಂ," ಎಂದ. ಆಮೇಲೆ ಒದ್ದೆ ಕೈಯಲ್ಲಿ ದಿಬ್ಬದ ಬುಡದ ಬೇಲಿ ತೋರಿಸಿದ. "ಓಗ್ಲಿ ಬಿಡಿ. ಇದು ಸಿಕ್ತದೆ."