ಒಂಬತ್ತನೇ ಅಂತಸ್ತಿನ ಹೊಲಿಗೆ ಮೆಷಿನ್

ಚಿಕ್ಕಲಕ್ಷ್ಮಮ್ಮ ಹಿರೀಸಾವೆಯ ಬಸ್ ನಿಲ್ದಾಣದ ಎದುರು ಇಪ್ಪತ್ತಾರು ವರ್ಷ ಬ್ಲೌಸ್ ಹೊಲಿದವರು. ಗಂಡ ತೀರಿಕೊಂಡ ಮೇಲೆ ಮಗಳು ಸಿಂಧುವನ್ನು ನರ್ಸಿಂಗ್ ಓದಿಸಿದ್ದೂ ಆ ಮೆಷಿನ್ನಿನ ಮುಂದೆ ಕೂತೇ. ಎರಡು ವರ್ಷದ ಹಿಂದೆ ಅಂಗಡಿಯ ಮಾಲೀಕ ಕಟ್ಟಡ ಕೆಡವಿ ಲಾಡ್ಜ್ ಕಟ್ಟಲು ಹೊರಟ. ಆಗ ಸಿಂಧು ಅವ್ವನನ್ನು ಹಾಸನಕ್ಕೆ ಕರೆದುಕೊಂಡು ಬಂದಳು. ಬೈಪಾಸ್ ಪಕ್ಕದ ಹನ್ನೆರಡು ಅಂತಸ್ತಿನ ಕಟ್ಟಡದಲ್ಲಿ, ಒಂಬತ್ತನೇ ಅಂತಸ್ತಿನಲ್ಲಿ, ಅವಳು ಮನೆ ಕೊಂಡಿದ್ದಳು. ಈಜುಕೊಳ, ಜಿಮ್ಮು, ಗೇಟಿನಲ್ಲಿ ಸೆಲ್ಯೂಟ್ ಹೊಡೆಯುವ ಸೆಕ್ಯುರಿಟಿ, ಎಲ್ಲ ಇದ್ದ ಜಾಗ. ಊರಿಂದ ಬಂದ ಮೆಷಿನ್ನು ಮಾತ್ರ ಎರಡು ದಿನ ಗೇಟಿನ ಹತ್ತಿರವೇ ಕೂತಿತ್ತು. ಸಾಮಾನಿನ ಲಿಫ್ಟ್ ಬೇಕಿದ್ದರೆ ಮುಂಚೆಯೇ ಅರ್ಜಿ ಕೊಡಬೇಕೆಂಬುದು ಇವರಿಗೆ ಗೊತ್ತಿರಲಿಲ್ಲ.

ಆಮೇಲೆ ಚಿಕ್ಕಲಕ್ಷ್ಮಮ್ಮ ಅಸೋಸಿಯೇಷನ್ನಿನ ನಿಯಮಗಳ ಪುಸ್ತಕ ಕೇಳಿ ತರಿಸಿಕೊಂಡರು. ಮೂವತ್ತೆಂಟು ಪುಟ. ಏಳನೇ ಕ್ಲಾಸು ಓದಿದ ಅವರು ಕನ್ನಡಕ ಹಾಕಿಕೊಂಡು ಅಷ್ಟನ್ನೂ ಓದಿದರು. ಬಾಲ್ಕನಿಯ ಕಂಬಿಗೆ ಬಟ್ಟೆ ಹಾಕಬಾರದು. ಬಾಗಿಲ ಹೊರಗೆ ಚಪ್ಪಲಿ ಬಿಡಬಾರದು. ಟೆರೇಸಿನಲ್ಲಿ ಹಪ್ಪಳ, ಮೆಣಸಿನಕಾಯಿ ಒಣಗಿಸಬಾರದು. ಎಲ್ಲಕ್ಕೂ ಒಗ್ಗಿಕೊಂಡರು. ಒಂದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು: ಮನೆಯೊಳಗೆ ಯಾವ ಕಸುಬನ್ನೂ ನಡೆಸುವಂತಿಲ್ಲ.

ಮೂರು ತಿಂಗಳು ಮೆಷಿನ್ ಮುಟ್ಟಲಿಲ್ಲ. ಸಿಂಧು ಡ್ಯೂಟಿಗೆ, ಮೊಮ್ಮಗಳು ಧನ್ಯಾ ಸ್ಕೂಲಿಗೆ ಹೋದರೆ ಮನೆಯಲ್ಲಿ ಗೋಡೆ ನೋಡಿಕೊಂಡು ಕೂರಬೇಕು. ಆ ದಿನಗಳಲ್ಲಿ ಹತ್ತಿರವಾದವಳು ಎದುರು ಮನೆಯ ಮಾನಸಾ. ಅರಕಲಗೂಡಿನ ಕಡೆಯವಳು, ಅಸೋಸಿಯೇಷನ್ನಿನ ಕಾರ್ಯದರ್ಶಿ. ಸಂಜೆ ಮಕ್ಕಳಿಗೆ ಮನೆಯಲ್ಲೇ ಗಣಿತದ ಟ್ಯೂಷನ್ ಮಾಡುತ್ತಿದ್ದಳು. ಧನ್ಯಾಳೂ ಅಲ್ಲಿಗೇ ಹೋಗುತ್ತಿದ್ದಳು. ಮಾನಸಾ ಟೈಫಾಯಿಡ್ ಬಂದು ಮಲಗಿದಾಗ ಚಿಕ್ಕಲಕ್ಷ್ಮಮ್ಮ ಹನ್ನೊಂದು ದಿನ ಗಂಜಿ ಕಾಯಿಸಿ ಕೊಟ್ಟರು, ತಲೆ ಬಾಚಿದರು. ಹುಷಾರಾದ ಮೇಲೆ ಅವಳು ಒಂದು ರೇಷ್ಮೆ ಬ್ಲೌಸ್ ಪೀಸ್ ಹಿಡಿದುಕೊಂಡು ಬಂದಳು. ಇವರು ನಿಯಮದ ಮಾತೆತ್ತಿದರು.

"ನಾನಿದ್ದೀನಲ್ಲ ಆಂಟಿ, ಹೊಲೀರಿ," ಎಂದಳು ಮಾನಸಾ. "ಯಾರಾದ್ರೂ ಕೇಳಿದ್ರೆ ನಾನು ಮಾತಾಡ್ತೀನಿ."

ಆ ಬ್ಲೌಸು ಮೈಗೆ ಅಚ್ಚುಕಟ್ಟಾಗಿ ಕೂತಿತು. ಅದನ್ನು ನೋಡಿ ಐದನೇ ಅಂತಸ್ತಿನವರು ಬಂದರು, ಆಮೇಲೆ ಹನ್ನೊಂದನೆಯವರು. ಬೆಳಗ್ಗೆ ಹತ್ತರಿಂದ ಒಂದರವರೆಗೆ ಮಾತ್ರ, ಮೆಷಿನ್ನಿನ ಕೆಳಗೆ ಕಂಬಳಿ ಮಡಿಸಿ ಹಾಕಿಕೊಂಡು, ಚಿಕ್ಕಲಕ್ಷ್ಮಮ್ಮ ಹೊಲಿದರು. ಸೊಂಟದ ನೋವು ಕಮ್ಮಿಯಾದ ಹಾಗೆ ಅನ್ನಿಸಿತು. ಒಂದು ದಿನ ಮಾನಸಾ, ಚೆನ್ನಾಗಿ ಕಾಣುತ್ತೀರಿ ಎನ್ನುತ್ತ ಮೆಷಿನ್ನಿನ ಮುಂದೆ ಅವರ ಫೋಟೋ ತೆಗೆದುಕೊಂಡಳು. ಇವರು ಸೆರಗು ಸರಿಮಾಡಿಕೊಂಡು ನಕ್ಕಿದ್ದರು.

ಜೂನ್ ತಿಂಗಳ ಸರ್ವಸದಸ್ಯರ ಸಭೆಗೆ ಸಿಂಧು ಅವ್ವನನ್ನೂ ಕರೆದುಕೊಂಡು ಹೋದಳು. ನಿಯಮ ಮುರಿದವರ ವಿಷಯ ಬಂದಾಗ ಗೋಡೆಯ ಪರದೆಯ ಮೇಲೆ ಆ ಫೋಟೋ ಮೂಡಿತು. ಮೆಷಿನ್ನು, ಮೇಜಿನ ಮೇಲೆ ಮಡಿಸಿಟ್ಟ ಆರು ಬ್ಲೌಸು, ಅವುಗಳ ಮಧ್ಯೆ ಚಿಕ್ಕಲಕ್ಷ್ಮಮ್ಮನ ನಗುಮುಖ. ಫ್ಲ್ಯಾಟ್ ನಂಬರ್ ಓದಿ ಹೇಳಿದವಳು ಮಾನಸಾ. ಬ್ಲೌಸ್ ಹೊಲಿಸಿಕೊಂಡಿದ್ದ ಹೆಂಗಸರು ಫೋನ್ ನೋಡುತ್ತ ಕೂತರು. ಸಿಂಧು ಎದ್ದು, ಅವ್ವ ಹಳ್ಳಿಯವರು, ಅವರಿಗೆ ರೂಲ್ಸ್ ಎಲ್ಲ ಗೊತ್ತಾಗುವುದಿಲ್ಲ, ಇನ್ನು ಮುಂದೆ ಹೀಗಾಗದು ಎಂದು ಕ್ಷಮೆ ಕೇಳಿದಳು.

ಚಿಕ್ಕಲಕ್ಷ್ಮಮ್ಮ ಕುರ್ಚಿಯಿಂದ ಎದ್ದರು. ಮಾಲೀಕರಲ್ಲದವರು ಮಾತಾಡುವಂತಿಲ್ಲ ಎಂದು ಅಧ್ಯಕ್ಷರು ಕೈ ತೋರಿಸಿದರು. ಇವರು ಕೂರಲಿಲ್ಲ.

"ನಂಗೆ ಗೊತ್ತಿತ್ತು ಸಾ. ರೂಲ್ಸ್ ಓದ್ಕಂಡೇ ಅವ್ಳನ್ನ ಕೇಳ್ದೆ. ಒಲೀರಿ ಅಂತ ಅಂದಿದ್ದು ಈ ಮಾನಸಾನೇ, ಅವ್ಳನ್ನೇ ಕೇಳಿ."

ಮಾನಸಾ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ತಾನು ಹಾಗೇನೂ ಹೇಳಿದ ನೆನಪಿಲ್ಲ, ಆಂಟಿ ತಪ್ಪು ತಿಳಿದುಕೊಂಡಿರಬೇಕು ಎಂದಳು. ಸಿಂಧು ಅವ್ವನ ಸೆರಗು ಜಗ್ಗಿ ಕೂರಿಸಿದಳು. ಮುಚ್ಚಳಿಕೆ ಪತ್ರಕ್ಕೆ ಅಲ್ಲೇ ಸಹಿಯನ್ನೂ ಹಾಕಿಕೊಟ್ಟಳು.

ವಾರದ ಮೇಲೆ ಸಭೆಯ ನಡಾವಳಿಯನ್ನು ಕೆಳಗಿನ ನೋಟಿಸ್ ಬೋರ್ಡಿಗೆ ಅಂಟಿಸಿದರು. ಚಿಕ್ಕಲಕ್ಷ್ಮಮ್ಮ ನಿಂತು ಓದಿದರು. ಮನೆಯಲ್ಲಿ ಕಸುಬು ನಡೆಸುವುದಕ್ಕೆ ಇರುವ ನಿಷೇಧವನ್ನು ಬಿಗಿಯಾಗಿ ಜಾರಿ ಮಾಡಲಾಗುವುದು. ಶೈಕ್ಷಣಿಕ ಚಟುವಟಿಕೆಗಳಿಗೆ ಇದರಿಂದ ವಿನಾಯಿತಿ ಕೊಡಲಾಗಿದೆ. ಆ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದರು. ಮಕ್ಕಳ ಗಲಾಟೆಯೆಂದು ಮಾನಸಾಳ ಟ್ಯೂಷನ್ನಿನ ಮೇಲೂ ದೂರು ಹೋಗಿತ್ತೆಂದು ಮನೆಗೆಲಸದ ಬೆಟ್ಟಮ್ಮ ಯಾವತ್ತೋ ಹೇಳಿದ್ದಳು. ಆಗ ಇವರು ಕಿವಿಗೆ ಹಾಕಿಕೊಂಡಿರಲಿಲ್ಲ.

ಮಾನಸಾಳ ತಂಗಿಯ ಮದುವೆಗೆಂದು ಕೊಟ್ಟಿದ್ದ ಬ್ಲೌಸಿಗೆ ತೋಳು ಜೋಡಿಸುವುದೊಂದು ಬಾಕಿಯಿತ್ತು. ಆ ರಾತ್ರಿ ಅದನ್ನು ಕೈಹೊಲಿಗೆಯಲ್ಲೇ ಮುಗಿಸಿ, ಬೆಳಗ್ಗೆ ಎದುರು ಮನೆಯ ಗಂಟೆ ಒತ್ತಿದರು. ಮಾನಸಾ ಬಾಗಿಲು ತೆರೆದವಳೇ ಅಳುವ ದನಿಯಲ್ಲಿ ಶುರುಮಾಡಿದಳು: ಅಧ್ಯಕ್ಷರು ಟ್ಯೂಷನ್ ನಿಲ್ಲಿಸಿ ಅಂದಿದ್ದರು, ಮನೆಯಲ್ಲಿ ಕಸುಬು ಮಾಡುವ ಬೇರೆ ಯಾರನ್ನಾದರೂ ತೋರಿಸಿಕೊಟ್ಟರೆ ಟ್ಯೂಷನ್ನಿಗೆ ವಿನಾಯಿತಿ ಕೊಡೋಣ ಅಂದಿದ್ದರು, ತನಗೆ ಬೇರೆ ದಾರಿ ಇರಲಿಲ್ಲ.

"ಇಂಗಾಗೈತೆ ಅಂತ ನಂಗೊಂದು ಮಾತು ಏಳಿದ್ದಿದ್ರೆ ನಾನೇ ನಿಲ್ಲಿಸ್ಬುಡ್ತಿದ್ದೆ ಕಣವ್ವ," ಎಂದರು ಚಿಕ್ಕಲಕ್ಷ್ಮಮ್ಮ. "ನಿನ್ ಟೂಷನ್ ಉಳೀಲಿ ಅಂತ ನಾನೇ ಓಗಿ ಒಪ್ಕತಿದ್ದೆ."

ಬ್ಲೌಸನ್ನು ಅವಳ ಕೈಗಿತ್ತು ಬಂದರು. ಮನೆಯಲ್ಲಿ ಸಿಂಧು, ಈ ವಯಸ್ಸಲ್ಲಿ ಇದೆಲ್ಲ ಬೇಕಾ, ಟಿವಿ ನೋಡಿಕೊಂಡು ಇರಬಾರದಾ ಎಂದಳು. ಚಿಕ್ಕಲಕ್ಷ್ಮಮ್ಮ ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿದರು. ಸಭೆಯಲ್ಲಿ ಮಗಳು ತನ್ನನ್ನು ಏನೂ ತಿಳಿಯದವಳನ್ನಾಗಿ ಮಾಡಿ ಕೂರಿಸಿದ್ದು ಮಾನಸಾಳ ಸುಳ್ಳಿಗಿಂತ ಹೆಚ್ಚು ಉರಿಯುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ, ಇವತ್ತಿಗೂ ಹೇಳಿಲ್ಲ.

ಸಾಲಗಾಮೆ ರಸ್ತೆಯಲ್ಲಿ ಷಡಕ್ಷರಿ ಎಂಬವರ ಬಟ್ಟೆ ಅಂಗಡಿಯಿದೆ. ಅವರು ಜಗಲಿಯ ಅರ್ಧ ಭಾಗ ಬಿಟ್ಟುಕೊಟ್ಟರು. ಈ ಸಲ ಸಾಮಾನಿನ ಲಿಫ್ಟಿಗೆ ಮುಂಚೆಯೇ ಅರ್ಜಿ ಬರೆದುಕೊಟ್ಟು ಚಿಕ್ಕಲಕ್ಷ್ಮಮ್ಮ ಮೆಷಿನ್ ಇಳಿಸಿದರು. ಬೆಳಗ್ಗೆ ಹೋದರೆ ಸಂಜೆ ಆರಕ್ಕೆ ವಾಪಸು. ಧನ್ಯಾ ಈಗಲೂ ಎದುರು ಮನೆಗೇ ಟ್ಯೂಷನ್ನಿಗೆ ಹೋಗುತ್ತಾಳೆ. ಅಲ್ಲಿಂದ ಅವಳು ತರುವ ಚಾಕಲೇಟನ್ನು ಅಜ್ಜಿ ಬೇಡ ಎನ್ನುವುದಿಲ್ಲ, ತಾವು ಮಾತ್ರ ತಿನ್ನುವುದಿಲ್ಲ.

ದಸರೆಗೆ ಮುಂಚೆ ಆ ಕಟ್ಟಡದ ಹೆಂಗಸರು ಒಬ್ಬೊಬ್ಬರಾಗಿ ಜಗಲಿಗೆ ಬರತೊಡಗಿದರು. ಚಿಕ್ಕಲಕ್ಷ್ಮಮ್ಮ ಎಲ್ಲರ ಅಳತೆಯನ್ನೂ ತೆಗೆದುಕೊಂಡರು. ಒಂದು ಮಧ್ಯಾಹ್ನ ಮಾನಸಾಳೂ ಹಸಿರು ಪೀಸೊಂದನ್ನು ಹಿಡಿದು ಬಂದು ನಿಂತಳು. ಅವತ್ತು ಮೇಜಿನ ಮೇಲೆ ಇದ್ದದ್ದು ಎರಡೇ ಬ್ಲೌಸು.

"ಕೈ ತುಂಬ ಕೆಲ್ಸ ಐತೆ ಮೇಡಂ," ಎಂದರು ಚಿಕ್ಕಲಕ್ಷ್ಮಮ್ಮ, ಸೂಜಿಗೆ ದಾರ ಪೋಣಿಸುತ್ತ. "ಬ್ಯಾರೆ ಕಡೆ ಕೊಡಿ."