ತಣ್ಣನೆಯ ಎಂಜಿನ್ನಿಗೆ ಕಿವಿಗೊಡುವ ಸಿದ್ದಲಿಂಗಸ್ವಾಮಿ

ಬೆಳಕು ಈಗಷ್ಟೇ ಹರಿಯುತ್ತಿದೆ. ಕಡಕೊಳದ ಗ್ಯಾರೇಜಿನ ಶಟರ್ ಎತ್ತಿ ಒಳಬರುವ ಸಿದ್ದಲಿಂಗಸ್ವಾಮಿ, ರಾತ್ರಿಯಿಡೀ ನಿಂತಿದ್ದ ಕಾರಿನ ಬಾನೆಟ್ ಮೇಲೆ ಮೊದಲು ಅಂಗೈ ಇಡುತ್ತಾರೆ. ಆಮೇಲೆ ಕೀ ತಿರುಗಿಸಿ, ತಲೆ ಓರೆ ಮಾಡಿ ನಿಲ್ಲುತ್ತಾರೆ.

"ಎಂಜಿನ್ನು ತಣ್ಣಗಿದ್ದಾಗ ನಿಜ ಹೇಳ್ತದೆ ಕಣ್ರೀ. ಬಿಸಿ ಆಗ್ಬುಟ್ರೆ ಎಲ್ಲಾ ಮುಚ್ಕೊಂಬುಡ್ತದೆ" ಎನ್ನುತ್ತಾರೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಕಾರು ಪರೀಕ್ಷಿಸಿ ಹೇಳುವ ಗ್ಯಾರೇಜ್ ಇದು. ಎಂಜಿನ್ ನೋಡುವವರು ಸಿದ್ದಲಿಂಗಸ್ವಾಮಿ. ಇಲ್ಲಿಯೇ ಕೂದಲು ನರೆತಿದೆ. ಗೇರ್‌ಬಾಕ್ಸ್ ನೋಡುವವರು ಅವರಿಗಿಂತ ಎಷ್ಟೋ ಚಿಕ್ಕವರಾದ ಪದ್ಮಾವತಿ. ಗೇರ್‌ಬಾಕ್ಸಿನ ದೋಷ ಕಾಣುವುದು ಬಿಸಿಯಾದ ಮೇಲೆ. ಹಾಗಾಗಿ ಅವರು ಹತ್ತು ಗಂಟೆಗೆ ಬಂದು ಕಾರನ್ನು ನಂಜನಗೂಡು ರಸ್ತೆಯಲ್ಲಿ ಓಡಿಸುತ್ತಾರೆ. ಗಿರಾಕಿಗಳು ಬರುವುದೂ ಅದೇ ಹೊತ್ತಿಗೆ. ಪದ್ಮಾವತಿ ಗೇರ್‌ಬಾಕ್ಸ್ ಬಿಚ್ಚುವುದನ್ನು ಯಾರೋ ವಿಡಿಯೊ ಮಾಡಿ ಹರಿಬಿಟ್ಟ ಮೇಲಂತೂ ಬಂದವರೆಲ್ಲ ಕೇಳುವುದು ಒಂದೇ ಮಾತು: "ಪದ್ಮಾವತಿ ಮೇಡಂ ಇದಾರಾ?"

ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಸಿದ್ದಲಿಂಗಸ್ವಾಮಿ ಕೈಯಲ್ಲಿದ್ದ ಸ್ಪ್ಯಾನರನ್ನು ಠಣ್ಣೆಂದು ಕೆಳಗಿಡುತ್ತಾರೆ. ಸಿಟ್ಟನ್ನು ಅವರೇನೂ ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೂ ವಿಜಯನಗರದ ಮನೆಯಲ್ಲಿ ಹೆಂಡತಿ ಪ್ರೇಮಲೀಲಾ ಸುಮ್ಮನಿರುವವರಲ್ಲ. "ಊಟಕ್ಕೆ ಕೂತ್ರೂ ಪದ್ಮಾವತಿ, ಕಾಫಿ ಕುಡಿದ್ರೂ ಪದ್ಮಾವತಿ. ಹೊಟ್ಟೆಕಿಚ್ಚು ಅಂತ ಗೊತ್ತಿರೋದ್ರಿಂದ ಬಚಾವು, ಇಲ್ದಿದ್ರೆ ನಾನೇ ಅನುಮಾನ ಪಡ್ಬೇಕಿತ್ತು."

ಕಳೆದ ತಿಂಗಳು ಆ ಹೊಟ್ಟೆಕಿಚ್ಚು ಒಂದು ಕೈ ನೋಡಿಯೇಬಿಟ್ಟಿತು.

ಕುವೆಂಪುನಗರದ ದಂತವೈದ್ಯೆ ಲಾಸ್ಯ ಅವರಿಗೆ ಛಾವಣಿ ಮಡಚಿಕೊಳ್ಳುವ ಕಾರಿನ ಆಸೆ. ಒಂದೇ ಮಾದರಿಯ ಎರಡು ಹಳೆಯ ಕಾರುಗಳು ಮಾರಾಟಕ್ಕಿದ್ದವು. ಒಂದರದು ದೊಡ್ಡ ಟರ್ಬೊ ಎಂಜಿನ್, ಆಟೋಮ್ಯಾಟಿಕ್ ಗೇರು. ಇನ್ನೊಂದರದು ಸಣ್ಣ ಎಂಜಿನ್, ಕೈಯಲ್ಲಿ ಹಾಕುವ ಗೇರು. ಮಾರುವವರು ಎರಡನ್ನೂ ಹಿಂದಿನ ಸಂಜೆಯೇ ಗ್ಯಾರೇಜಿಗೆ ತಂದು ಬಿಟ್ಟಿದ್ದರು. ಲಾಸ್ಯ ಅವರ ಮನಸ್ಸು ಮೊದಲನೆಯದರ ಮೇಲೆ.

ಬೆಳಗ್ಗೆ ಸಿದ್ದಲಿಂಗಸ್ವಾಮಿ ಎರಡನ್ನೂ ಸ್ಟಾರ್ಟ್ ಮಾಡಿದರು. ಸಣ್ಣದು ಸಲೀಸಾಗಿ ಎದ್ದಿತು. ದೊಡ್ಡದು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಗಲಗಲ ಎಂದಿತು; ಕ್ಷಣದಲ್ಲೇ ಆ ಸದ್ದು ಅಡಗಿತು. ಒಳಗಿನ ಟೈಮಿಂಗ್ ಚೈನ್ ಸಡಿಲವಾಗಿದೆ, ಅದು ಹಲ್ಲು ತಪ್ಪಿದ ದಿನ ಎಂಜಿನ್ ಮುಗಿದಂತೆ ಎಂದು ಅವರಿಗೆ ಗೊತ್ತಾಯಿತು.

ಹತ್ತಕ್ಕೆ ಬಂದ ಪದ್ಮಾವತಿ ಅದೇ ಕಾರನ್ನು ಓಡಿಸಿ ತಂದು, "ಗೇರು ಬೆಣ್ಣೆ ಇದ್ದಂಗೆ ಬೀಳ್ತಾವೆ. ತಗೊಳ್ಳಿ ಮೇಡಂ" ಎಂದರು. ಲಾಸ್ಯ ಹಿಗ್ಗಿದರು. ಮಾರನೆಯ ಸಂಜೆ ವ್ಯಾಪಾರ ಮುಗಿಸುವುದೆಂದಾಯಿತು. ಸಿದ್ದಲಿಂಗಸ್ವಾಮಿಯವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವರೂ ಹೇಳಲಿಲ್ಲ.

"ಸುಳ್ಳು ಯಾಕೆ ಹೇಳ್ಲಿ? ಖುಷಿ ಆಯ್ತು. ಗಾಡಿ ನಡುರಸ್ತೇಲಿ ನಿಲ್ತದೆ, ಆಗ ತಗೊಳ್ಳಿ ಅಂದೋರು ಯಾರು ಅಂತ ಕೇಳ್ತಾರೆ ಅಂದ್ಕೊಂಡೆ."

ಆ ಖುಷಿ ಸ್ಕೂಟರಿನಲ್ಲಿ ಮನೆ ಮುಟ್ಟುವವರೆಗೂ ಬಾಳಲಿಲ್ಲ. ಕಾರು ನಿಂತರೆ ನಿಲ್ಲುವುದು ಎಂಜಿನ್ನಿನಿಂದ. ಆಗಲೂ ಗೇರ್‌ಬಾಕ್ಸ್ ಬೆಣ್ಣೆಯಂತೆಯೇ ಇರುತ್ತದೆ. 'ಅಲ್ಲಿ ಎಂಜಿನ್ ನೋಡೋನು ಏನ್ ಮಾಡ್ತಿದ್ದ?' ಎಂದೇ ಜನ ಕೇಳುವುದು. ಪದ್ಮಾವತಿಯ ಹೆಸರಿಗೆ ಕೂದಲೂ ಕೊಂಕುವುದಿಲ್ಲ. ಇದು ಹೊಳೆದದ್ದೇ ಅವರು ರಸ್ತೆ ಬದಿ ಗಾಡಿ ನಿಲ್ಲಿಸಿ ಇಬ್ಬರಿಗೂ ಫೋನ್ ಮಾಡಿದರು: "ನಾಳೆ ಬೆಳಗಾಗ್ತಿದ್ದಂಗೆ ಬಂದ್ಬುಡಿ."

ಮಾರನೆಯ ಬೆಳಗ್ಗೆ ಇಬ್ಬರೂ ನಿದ್ದೆಗಣ್ಣಲ್ಲಿ ಬಂದು ನಿಂತರು. ಸಿದ್ದಲಿಂಗಸ್ವಾಮಿ ದೊಡ್ಡ ಎಂಜಿನ್ನಿನ ಕಾರಿನ ಕೀ ತಿರುಗಿಸಿದರು. ಗಲಗಲ.

ಪದ್ಮಾವತಿಯ ಮುಖ ಸಣ್ಣದಾಯಿತು. "ನಿನ್ನೇನೇ ಯಾಕಣ್ಣಾ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಆಕೆ ಲಾಸ್ಯ ಅವರತ್ತ ತಿರುಗಿದರು. "ಮೇಡಂ, ಎಂಜಿನ್ ವಿಚಾರ ಕೇಳ್ದೆ ತಗೊಳ್ಳಿ ಅಂದಿದ್ದು ನನ್ ತಪ್ಪು. ಇದನ್ನ ಕಂಡ್ಹಿಡಿದಿದ್ದು ಸ್ವಾಮಿಯಣ್ಣ. ಅವ್ರಿಲ್ದಿದ್ರೆ ನೀವು ಮುಳುಗೋಗ್ತಿದ್ರಿ."

ಲಾಸ್ಯ ಪದ್ಮಾವತಿಯ ಕೈ ಹಿಡಿದುಕೊಂಡರು. "ಹೀಗೆ ಒಪ್ಕೊಳ್ಳೋಕೂ ದೊಡ್ಡ ಮನಸ್ಸು ಬೇಕು ಕಣಮ್ಮ."

ಇದನ್ನು ಹೇಳುವಾಗ ಸಿದ್ದಲಿಂಗಸ್ವಾಮಿ ಈಗಲೂ ಹಲ್ಲು ಕಚ್ಚುತ್ತಾರೆ. "ನೋಡಿ, ಕಂಡ್ಹಿಡಿದಿದ್ದು ನಾನು. ದೊಡ್ಡ ಮನಸ್ಸು ಅವಳದಾಯ್ತು!"

ಉಳಿದದ್ದು ಸಣ್ಣ ಎಂಜಿನ್ನಿನ ಕಾರು. ಶಕ್ತಿ ಸಾಲದೇನೋ ಎಂದು ಲಾಸ್ಯ ಅನುಮಾನಿಸಿದಾಗ ಸಿದ್ದಲಿಂಗಸ್ವಾಮಿ ಬಿಡಿಸಿ ಹೇಳಿದರು: "ಛಾವಣಿ ತೆಗೆದು ಓಡ್ಸೋ ಗಾಡಿ ಮೇಡಂ. ಜೋರಾಗಿ ಹೋದ್ರೆ ಗಾಳಿ ಕಣ್ಗೆ ಹೊಡೀತದೆ, ಪಕ್ದಲ್ಲಿರೋರ ಮಾತೂ ಕೇಳ್ಸಲ್ಲ. ಬೆಟ್ಟಕ್ಕೆ ಎರಡನೇ ಗೇರಲ್ಲಿ ನಿಧಾನಕ್ಕೆ ಹತ್ತಿ. ಇದೇ ಸಾಕು." ಆಟೋಮ್ಯಾಟಿಕ್ ಸ್ಕೂಟರ್ ಬಿಟ್ಟು ಬೇರೇನೂ ಓಡಿಸದ ಲಾಸ್ಯ ಅದನ್ನೇ ಕೊಂಡರು. ಭಾನುವಾರ ಅವರಿಗೆ ಕ್ಲಚ್ ಬಿಡುವುದನ್ನು ಕಲಿಸುತ್ತಿರುವುದು ಪದ್ಮಾವತಿ. "ಅದಕ್ಕೂ ಅವಳೇ ಬೇಕು" ಎಂದು ಸಿದ್ದಲಿಂಗಸ್ವಾಮಿ ಗೊಣಗುತ್ತಾರೆ.

ಈಗ ಪದ್ಮಾವತಿ ಸಿದ್ದಲಿಂಗಸ್ವಾಮಿಯವರನ್ನು ಕೇಳದೆ ಯಾವ ಕಾರನ್ನೂ ಹೊರಗೆ ತೆಗೆಯುವುದಿಲ್ಲ. ಬೇಕೆಂದೇ ಅವರು ತುಸು ಕಾಯಿಸಿ "ಊಂ" ಎನ್ನುತ್ತಾರೆ. ಆ ಒಂದು ಗಳಿಗೆಯ ಸುಖ ಅವರ ಮುಖದಲ್ಲಿ ಕಾಣುತ್ತದೆ.

ಬ್ಯಾಟರಿ ಕಾರುಗಳು ಬರುತ್ತಿವೆ, ಅವುಗಳಲ್ಲಿ ಎಂಜಿನ್ನೇ ಇರುವುದಿಲ್ಲವಲ್ಲ ಎಂದು ಕೇಳಿದರೆ ಅವರು ಕೈ ಒರೆಸಿಕೊಳ್ಳುತ್ತ ಯೋಚಿಸುತ್ತಾರೆ. ನಿಧಾನವಾಗಿ ಮುಖ ಅರಳುತ್ತದೆ.

"ಇರ್ಲಿ ಬುಡಿ. ಅದ್ರಲ್ಲಿ ಹೇಳ್ಕೊಳ್ಳೋವಂಥ ಗೇರ್‌ಬಾಕ್ಸೂ ಇರಲ್ವಂತೆ."