ದೈತ್ಯನ ಮೊದಲ ಸಂಚಿಕೆ

ಸತ್ತವರ ಕೈಕಾಲು ಹೊಲಿದು ಮಾಡಿದ ದೈತ್ಯನ ಕಾಮಿಕ್ಸ್ ಎಂದರೆ ನನಗೆ ಹುಚ್ಚು. ಮುಂಬಯಿಯಲ್ಲಿ ಮೀನಿನ ಬೋಟಿಗೆ ಹೋಗುತ್ತಿದ್ದ ಅಣ್ಣ, ನಮ್ಮೂರು ಗಂಗೊಳ್ಳಿಗೆ ಬರುವಾಗಲೆಲ್ಲ ಅಲ್ಲಿನ ಫುಟ್‌ಪಾತಿನಿಂದ ಹಳೆಯ ಸಂಚಿಕೆಗಳನ್ನು ಹುಡುಕಿ ತರುತ್ತಿದ್ದ. ದೈತ್ಯ ಮೊದಲ ಸಲ ಕಣ್ಣು ತೆರೆಯುವ ಸಂಚಿಕೆಯೊಂದು ಮಾತ್ರ ಸಿಕ್ಕಿರಲಿಲ್ಲ.

ಒಂದು ಸಂಜೆ ಪಕ್ಕದ ಮನೆಯ ಫೋನಿಗೆ ಅಣ್ಣ ಕರೆ ಮಾಡಿದ. "ಮೊದಲ್ನೇದ್ ಸಿಕ್ತ್ ಮಾರಾಯ. ಮಳೆಗಾಲಕ್ಕೆ ಬಪ್ಪತಿಗೆ ತತ್ತೆ."

ಬರುವಾಗ ತರುತ್ತೇನೆಂದ ಆ ಮಳೆಗಾಲಕ್ಕೆ ಮೊದಲೇ ಅವನ ಬೋಟು ಮುಳುಗಿತು. ಹೆಣ ಸಿಗಲಿಲ್ಲ. ಅವನ ಟ್ರಂಕನ್ನು ಜೊತೆಯವರು ಬಸ್ಸಿಗೆ ಹಾಕಿ ಕಳಿಸಿದರು.

ಹೆಣ ಸಿಗದಿದ್ದರೆ ನಮ್ಮಲ್ಲಿ ದರ್ಭೆಯ ಗೊಂಬೆ ಮಾಡಿ ಸುಡುತ್ತಾರೆ. ಭಟ್ಟರು ಅಂಗಳದಲ್ಲಿ ಕೂತು ಹುಲ್ಲು ಕಟ್ಟಿ ಕೈ ಮಾಡಿದರು, ಕಾಲು ಮಾಡಿದರು, ತಲೆಯ ಜಾಗಕ್ಕೆ ತೆಂಗಿನಕಾಯಿ ಇಟ್ಟರು. ಅಪ್ಪ ಅದರ ಮೇಲೆ ಅಣ್ಣನ ಅಂಗಿ ಹೊದಿಸಿದ. ಇಂಥದ್ದನ್ನೇ ಚಿತ್ರದಲ್ಲಿ ನೋಡಿ ಖುಷಿಪಟ್ಟವನಲ್ಲವೇ ನಾನು ಎಂದು ಹೇಸಿಗೆಯಾಯಿತು.

ಅಷ್ಟರಲ್ಲಿ ಓದು ಬಾರದ ಅಮ್ಮ, ಟ್ರಂಕಿನಲ್ಲಿದ್ದ ಪ್ಲಾಸ್ಟಿಕ್ ಸುತ್ತಿದ ಪುಸ್ತಕವೊಂದನ್ನು ತಂದು ಗೊಂಬೆಯ ಎದೆಯ ಮೇಲಿಟ್ಟಳು.

"ಅಂವ ಜೋಪಾನ ಮಾಡಿಟ್ಟದ್ದ್. ಅವ್ನ್ ಒಟ್ಟಿಗೇ ಹೋಯ್ಲಿ," ಅಂದಳು.

ಮುಖಪುಟ ನೋಡಿದ ಕೂಡಲೇ ಗುರುತು ಸಿಕ್ಕಿತು. ಅಣ್ಣನ ಅಂಗಿಯನ್ನು ಅದರ ಮೇಲೆ ಎಳೆದು ಮುಚ್ಚಿದೆ.

ಈಗ ಆ ಸಂಚಿಕೆ ಮೊಬೈಲಿನಲ್ಲೇ ಸಿಗುತ್ತದಂತೆ. ಕಳಿಸುತ್ತೇನೆಂದ ಗೆಳೆಯನಿಗೆ ಬೈದುಬಿಟ್ಟೆ. ಸತ್ತದ್ದು ಎದ್ದು ಕೂರುವ ಕತೆ ನನಗಿನ್ನು ಬೇಡ. ಆ ಹುಲ್ಲಿನ ಗೊಂಬೆ ಉರಿದು ಬೂದಿಯಾಗುವವರೆಗೂ, ಈಗ ಎದ್ದೀತು, ಈಗ ಎದ್ದೀತು ಎಂದು ಕಾದಿದ್ದೇನೆ.